ವಕೀಲರಲ್ಲದ ನ್ಯಾಯಸಹಾಯಕರು

(ಕಾಸರಗೋಡು ಸೀಮೆಯ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಸಾಹಿತ್ಯವನ್ನೋ ಯಕ್ಷಗಾನವನ್ನೋ ಕುರಿತು ಮಾತನಾಡುವುದು ವಾಡಿಕೆ. ಕೋರ್ಟು ಕಚೇರಿಗಳ ಹೆಸರನ್ನು ಹಬ್ಬದ ದಿನ ಎತ್ತುವುದು ಮಂಗಳಕರವಲ್ಲವೆಂದು ನಮ್ಮ ಹಿರಿಯರ ಭಾವನೆ. ಹಾಗಿದ್ದರೂ ಕಾರ್ಯದರ್ಶಿಗಳು ಈ ವಿಷಯವನ್ನೇ ನನಗೆ ಗೊತ್ತುಮಾಡಿದ್ದಾರೆ. ನಾನು ವಕೀಲನಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಆ ಬಳಿಕ ನೆರೆಹೊರೆಯವರ ಅರ್ಜಿಗಳನ್ನು ಬರೆದುಕೊಡುತ್ತ, ಬಂದ ಕಾಗದಗಳನ್ನು ಓದಿಹೇಳುತ್ತ ಬಂದವನು. ಇಂಥವನೊಬ್ಬನು ಕಾನೂನಿನ ದಾರಿಯಲ್ಲಿ ಇತರರ ಕೈಹಿಡಿದು ಎಷ್ಟು ದೂರ ನಡೆಯಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ತಿಳಿದಮಟ್ಟಿಗೆ ತಮ್ಮ ಮುಂದಿಡುತ್ತೇನೆ.

ನಮ್ಮ ಹಳೆಯ ಮನೆಗಳ ಕಾಗದಪತ್ರದ ಪೆಟ್ಟಿಗೆಗಳನ್ನು ತೆರೆದು ನೋಡಿರಿ. 1956ನೆಯ ಇಸವಿ ನವೆಂಬರ್ 1ನೆಯ ತಾರೀಕಿನವರೆಗೆ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ತಾಲೂಕಾಗಿತ್ತು. ಆದಕಾರಣ ಅಜ್ಜನ ಕಾಲದ ಆಧಾರಗಳು, ಮೂಲಗೇಣಿ ಚೀಟುಗಳು, ಪಾಲುಪಟ್ಟಿಗಳು ಕನ್ನಡದಲ್ಲಿವೆ. ಅವುಗಳ ಮೇಲೆಯೇ ಇಟ್ಟಿರುವ ತಂದೆಯ ಕಾಲದ ಪತ್ರಗಳು ಮಲಯಾಳದಲ್ಲಿವೆ. ಮೊಮ್ಮಗನ ಕಾಲದ ಬ್ಯಾಂಕಿನ ಕಾಗದಗಳೋ ಇಂಗ್ಲಿಷಿನವು. ಒಂದೇ ಜಮೀನು, ಒಂದೇ ಮನೆತನ. ಅದರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬಲ್ಲವನು ಆ ಮನೆಯಲ್ಲಿ ಒಬ್ಬನೂ ಇಲ್ಲದಿರಬಹುದು. ಅಜ್ಜಿಗೆ ಕೆಳಗಿನ ಕಾಗದ ಮಾತ್ರ ಓದಬರುತ್ತದೆ. ಮೊಮ್ಮಗನಿಗೆ ಮೇಲಿನದು ಮಾತ್ರ. ಕಾನೂನಿನ ಸಹಾಯ ಎಂದೊಡನೆ ಇತರ ಕಡೆಯವರಿಗೆ ಕಪ್ಪು ನಿಲುವಂಗಿ ನೆನಪಾಗಬಹುದು. ನಮಗಾದರೋ, ಅದಕ್ಕೆ ಮುಂಚೆ, ಕಾಗದವನ್ನು ಓದಿಹೇಳಬಲ್ಲ ಒಬ್ಬ ನಂಬಿಕಸ್ಥನು ಬೇಕಾಗಿದ್ದಾನೆ.

ವಕೀಲರ ಕೆಳಗಿನ ಮೆಟ್ಟಿಲಲ್ಲಿ ನಿಂತು ಜನರಿಗೆ ಕಾನೂನಿನ ಸಹಾಯ ಮಾಡುವವರು ನಮ್ಮ ದೇಶಕ್ಕೆ ಹೊಸಬರಲ್ಲ. 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯಿದೆಯಲ್ಲಿ ಪ್ಲೀಡರು, ಮುಖ್ತಾರ, ರೆವಿನ್ಯೂ ಏಜೆಂಟ್ ಎಂಬ ವರ್ಗಗಳಿದ್ದುವು. ಮುಖ್ತಾರನು ಕೆಳಗಿನ ಕೋರ್ಟುಗಳಲ್ಲಿಯೂ ರೆವಿನ್ಯೂ ಏಜೆಂಟನು ಕಂದಾಯದ ಕಚೇರಿಗಳಲ್ಲಿಯೂ ಸನ್ನದು ಪಡೆದು ಕಕ್ಷಿಗಾರರ ಕೆಲಸ ನಡೆಸುತ್ತಿದ್ದರು. ಮದ್ರಾಸು ಪ್ರಾಂತದಲ್ಲಿ ಮೊದಲನೆಯ ದರ್ಜೆ, ಎರಡನೆಯ ದರ್ಜೆಯ ಪ್ಲೀಡರುಗಳೆಂಬ ಭೇದವಿತ್ತು. ಮುನ್ಸೀಫ್ ಕೋರ್ಟಿನ ಎರಡನೆಯ ದರ್ಜೆಯ ಪ್ಲೀಡರನು ಹೈಕೋರ್ಟನ್ನು ಕಣ್ಣಿನಿಂದ ಕಾಣದಿದ್ದರೂ ಊರಿನ ಗಡಿಕಲ್ಲುಗಳನ್ನೆಲ್ಲ ಬಲ್ಲವನಾಗಿರುತ್ತಿದ್ದನು. 1961ರ ಅಡ್ವೊಕೇಟ್ಸ್ ಕಾಯಿದೆಯು ಈ ದರ್ಜೆಗಳನ್ನೆಲ್ಲ ಒಂದುಗೂಡಿಸಿ ಅಡ್ವೊಕೇಟ್ ಎಂಬ ಒಂದೇ ವರ್ಗವನ್ನು ಮಾಡಿತು. ವೃತ್ತಿಯ ಮಟ್ಟ ಏರಬೇಕೆಂಬ ಆ ಉದ್ದೇಶ ಒಳ್ಳೆಯದೇ. ಆದರೆ ಸಣ್ಣ ವ್ಯವಹಾರದ ಸಣ್ಣ ಮನುಷ್ಯನಿಗೆ ಕೈಗೆಟಕುತ್ತಿದ್ದ ಒಂದು ಮೆಟ್ಟಿಲು ಅಂದು ತಪ್ಪಿಹೋಯಿತೆಂದು ನನ್ನ ಅಭಿಪ್ರಾಯ.

ಇಂದಿನ ಸ್ಥಿತಿ ಹೀಗಿದೆ. ಆ ಕಾಯಿದೆಯ 29ನೆಯ ಕಲಮಿನಂತೆ ವಕೀಲಿ ನಡೆಸುವ ಹಕ್ಕು ಅಡ್ವೊಕೇಟರಿಗೆ ಮಾತ್ರ. ಹಕ್ಕಿಲ್ಲದವನು ಕೋರ್ಟಿನಲ್ಲಿ ವಕೀಲಿ ಮಾಡಿದರೆ 45ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆವಾಸವಾಗಬಹುದು. ಹೀಗಿದ್ದರೂ 32ನೆಯ ಕಲಮು ಒಂದು ಕಿಟಕಿಯನ್ನು ತೆರೆದಿಟ್ಟಿದೆ: ಯಾವುದಾದರೊಂದು ನಿರ್ದಿಷ್ಟ ಪ್ರಕರಣದಲ್ಲಿ, ಅಡ್ವೊಕೇಟನಲ್ಲದವನಿಗೂ ಹಾಜರಾಗಲು ಕೋರ್ಟು ಅನುಮತಿ ಕೊಡಬಹುದು. 1978ರಲ್ಲಿ ಹರಿಶಂಕರ ರಸ್ತೋಗಿ ಎಂಬವರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಈ ವಿಷಯವನ್ನು ವಿವರಿಸಿ, ಇದು ಹಕ್ಕಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟ ಅನುಮತಿ ಎಂದು ತೀರ್ಮಾನಿಸಿದರು.

ಇನ್ನು, ತಪ್ಪಿಹೋದ ಆ ಮೆಟ್ಟಿಲನ್ನು ಹೊಸದಾಗಿ ಕಟ್ಟಿಕೊಂಡ ಒಂದು ಪ್ರಾಂತವನ್ನು ನೋಡೋಣ. ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಬಾಡಿಗೆಯ ತಗಾದೆ, ವಾಹನದ ದಂಡ ಮುಂತಾದ ವಿಷಯಗಳಲ್ಲಿ ವಕೀಲರಲ್ಲದವರು ಹಣ ಪಡೆದು ಜನರ ಪರವಾಗಿ ಹಾಜರಾಗುವ ರೂಢಿ ಬೆಳೆದಿತ್ತು. ಅವರಲ್ಲಿ ಒಳ್ಳೆಯವರೂ ಇದ್ದರು, ವಂಚಕರೂ ಇದ್ದರು. ಜನರಿಗೆ ಭೇದ ತಿಳಿಯುವ ಉಪಾಯವಿರಲಿಲ್ಲ. 2006ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾಯಿದೆ ಮಾಡಿ, ಇವರನ್ನು ವಕೀಲರ ಮೇಲ್ವಿಚಾರಣೆ ಮಾಡುವ ಲಾ ಸೊಸೈಟಿಯ ಅಧೀನಕ್ಕೆ ತಂದಿತು. ಆ ಸೊಸೈಟಿ 1797ರಷ್ಟು ಹಳೆಯ ಸಂಸ್ಥೆ. 2007ರಿಂದ ಈ ನಿಯಂತ್ರಣ ಜಾರಿಗೆ ಬಂದು, ಪ್ಯಾರಾಲೀಗಲ್ ಎಂಬ ಹೆಸರಿನಲ್ಲಿ ಸನ್ನದುಗಳನ್ನು ಕೊಡತೊಡಗಿದರು. ಸನ್ನದು ಬೇಕಾದವನು ಮಾನ್ಯತೆಯುಳ್ಳ ಕಾಲೇಜಿನಲ್ಲಿ ವ್ಯಾಸಂಗ ಮಾಡಬೇಕು, ಅನುಭವಿಗಳ ಕೈಕೆಳಗೆ 120 ಗಂಟೆ ಕೆಲಸ ಕಲಿಯಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಸಚ್ಚಾರಿತ್ರ್ಯವನ್ನು ಸ್ಥಾಪಿಸಬೇಕು. ತನ್ನ ತಪ್ಪಿನಿಂದ ಕಕ್ಷಿಗಾರನಿಗೆ ನಷ್ಟವಾದರೆ ತುಂಬಿಕೊಡುವುದಕ್ಕೆ ವಿಮೆ ಮಾಡಿಸಿರಬೇಕು. ಕಕ್ಷಿಗಾರನ ಹಣವನ್ನು ತನ್ನ ಹಣದೊಡನೆ ಬೆರೆಸದೆ ಬೇರೆ ಖಾತೆಯಲ್ಲಿ ಇಡಬೇಕು.

ಇಂಥವನು ಏನೇನು ಮಾಡಬಹುದು? ಸ್ಮಾಲ್ ಕ್ಲೈಮ್ಸ್ ಕೋರ್ಟ್ ಎಂಬ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ವಾದಿಸಬಹುದು. ಆ ಕೋರ್ಟಿನ ಮಿತಿ 2010ರಲ್ಲಿ 25,000 ಡಾಲರು, 2020ರಲ್ಲಿ 35,000 ಡಾಲರು, 2025ರ ಅಕ್ಟೋಬರಿನಿಂದ 50,000 ಡಾಲರು. ಮನೆಯ ಒಡೆಯ ಮತ್ತು ಬಾಡಿಗೆದಾರರ ನಡುವಣ ತಗಾದೆಗಳ ಮಂಡಲಿ, ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ಮಂಡಲಿ ಮೊದಲಾದುವುಗಳ ಮುಂದೆ ಹಾಜರಾಗಬಹುದು. ರಸ್ತೆಯ ನಿಯಮಭಂಗ ಮುಂತಾದ ಪ್ರಾಂತೀಯ ಅಪರಾಧಗಳಲ್ಲಿಯೂ ಕೆಲವು ಸಣ್ಣ ಕ್ರಿಮಿನಲ್ ಪ್ರಕರಣಗಳಲ್ಲಿಯೂ ನಿಲ್ಲಬಹುದು. ತನ್ನ ವ್ಯಾಪ್ತಿಯೊಳಗೆ ಸಲಹೆ ಕೊಡಬಹುದು, ಕಾಗದಪತ್ರ ಸಿದ್ಧಪಡಿಸಬಹುದು, ರಾಜಿಯ ಮಾತುಕತೆ ನಡೆಸಬಹುದು. ಉಯಿಲು ಬರೆಯುವುದು, ಭೂಮಿಯ ಕ್ರಯವಿಕ್ರಯ ಇವು ಅವನಿಗೆ ಸಲ್ಲವು. ವಿವಾಹವಿಚ್ಛೇದನ ಮುಂತಾದ ಕುಟುಂಬದ ವ್ಯಾಜ್ಯಗಳೂ ಅವನ ಸನ್ನದಿನ ಹೊರಗಿನವು. ಅವುಗಳಲ್ಲಿ ಕೆಲವಕ್ಕೆ ಬೇರೊಂದು ಸೀಮಿತ ಸನ್ನದನ್ನು ಕೊಡಲು ಸೊಸೈಟಿ 2022ರಲ್ಲಿ ಒಪ್ಪಿತು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನವು 2012ರಲ್ಲಿ ಇಂಥದೇ ಒಂದು ಪದ್ಧತಿಯನ್ನು ತಂದು 2020ರಲ್ಲಿ ಅದನ್ನು ನಿಲ್ಲಿಸಲು ನಿಶ್ಚಯಿಸಿತು. ಎಲ್ಲ ಕಡೆಯೂ ಈ ಗಿಡ ಬೇರುಬಿಟ್ಟಿದೆಯೆಂದು ತಿಳಿಯಬೇಡಿರಿ.

ಆಂಟೇರಿಯೊದ ವೃತ್ತಾಂತದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ವಿಮೆ ಮತ್ತು ಆ ಬೇರೆ ಖಾತೆ. ಸಹಾಯ ಮಾಡುತ್ತೇನೆಂದು ಬರುವವನು ತಪ್ಪು ಮಾಡಿದರೆ ಯಾರು ಉತ್ತರ ಹೇಳಬೇಕೆಂಬುದು ಅಲ್ಲಿ ಮೊದಲೇ ನಿಶ್ಚಿತವಾಗಿದೆ. ನಮ್ಮ ತಾಲೂಕು ಕಚೇರಿಯ ಅಂಗಳದಲ್ಲಿ, ‘ನಿಮ್ಮ ಕೆಲಸ ನಾನು ಮಾಡಿಸಿಕೊಡುತ್ತೇನೆ’ ಎಂದು ಹೆಗಲ ಮೇಲೆ ಕೈಯಿಡುವ ಪುಣ್ಯಾತ್ಮನಿಗೆ ಇಂಥ ಕಟ್ಟುಪಾಡು ಯಾವುದೂ ಇಲ್ಲ.

ಹಾಗಾದರೆ ನಮ್ಮಲ್ಲಿ ಏನಿದೆ? 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ 39ಎ ಅನುಚ್ಛೇದ ಸೇರಿತು. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬುದು ಅದರ ಆಶಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಅದಕ್ಕೆ ರೂಪುಕೊಟ್ಟು 1995ರ ನವೆಂಬರ್ 9ರಂದು ಜಾರಿಗೆ ಬಂತು. ಇದರಂತೆ ಜಿಲ್ಲೆಗೆ ಒಂದು ಪ್ರಾಧಿಕಾರ, ತಾಲೂಕಿಗೆ ಒಂದು ಸಮಿತಿ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕೆಯ ಕಾರ್ಮಿಕರು, ಬಂಧನದಲ್ಲಿರುವವರು, ವಿಪತ್ತಿಗೆ ಸಿಕ್ಕಿದವರು, ನಿಗದಿಯಾದ ಮಿತಿಗಿಂತ ಕಡಿಮೆ ವರಮಾನದವರು, ಇವರಿಗೆಲ್ಲ ಸರಕಾರದ ಖರ್ಚಿನಲ್ಲಿ ವಕೀಲರು ದೊರೆಯುತ್ತಾರೆ. ತಾಯಂದಿರು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ಸ್ತ್ರೀಯರಿಗೆ ವರಮಾನದ ಮಿತಿ ಇಲ್ಲ. ಗಂಡನ ತೋಟ ಎಷ್ಟೇ ದೊಡ್ಡದಿರಲಿ, ತನ್ನ ವ್ಯಾಜ್ಯಕ್ಕೆ ಈ ಸಹಾಯವನ್ನು ಕೇಳುವ ಅಧಿಕಾರ ಆಕೆಗೆ ಸ್ತ್ರೀ ಎಂಬ ಕಾರಣದಿಂದಲೇ ಇದೆ. ಇದನ್ನು ನಾನು ಹೇಳಿದಾಗಲೆಲ್ಲ ಯಾರಾದರೊಬ್ಬರು, ‘ಹಾಗೂ ಉಂಟೋ ಮಾಷ್ಟ್ರೇ?’ ಎಂದು ಕೇಳದೆ ಇರುವುದಿಲ್ಲ. ಉಂಟು. 15100 ಎಂಬ ದೂರವಾಣಿ ಸಂಖ್ಯೆಗೆ ಖರ್ಚಿಲ್ಲದೆ ಕರೆದು ಕೇಳಬಹುದು.

ಈ ಏರ್ಪಾಡಿನ ಅಂಗವಾಗಿ ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ಆರಂಭಿಸಿತು. ಕಚೇರಿಯಲ್ಲಿ ಇವರನ್ನು ಪ್ಯಾರಾ ಲೀಗಲ್ ವಾಲಂಟಿಯರ್ ಎನ್ನುವರು. ಆಂಟೇರಿಯೊದವರ ಹಾಗೆ ಇವರಿಗೆ ಸನ್ನದಿಲ್ಲ. ಗುರುತಿನ ಚೀಟಿ ಇದೆ. ಇವರು ವಾದಿಸುವಂತಿಲ್ಲ, ಜನರಿಂದ ಫೀಸು ಪಡೆಯುವಂತಿಲ್ಲ. ಕೆಲಸ ಮಾಡಿದ ದಿನಕ್ಕೆ ಪ್ರಾಧಿಕಾರವೇ ಅಲ್ಪ ಗೌರವಧನ ಕೊಡುತ್ತದೆ. ಹತ್ತನೆಯ ತರಗತಿಯ ವಿದ್ಯೆ, ವಿಷಯವನ್ನು ಗ್ರಹಿಸುವ ಶಕ್ತಿ, ಇಷ್ಟು ಸಾಕು. ಉಳಿದುದನ್ನು ಅವರೇ ತರಬೇತಿಯಲ್ಲಿ ಕಲಿಸುತ್ತಾರೆ. ಅಧ್ಯಾಪಕರು, ನಿವೃತ್ತ ನೌಕರರು, ಅಂಗನವಾಡಿಯ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು, ಇನ್ನೂ ವಕೀಲರಾಗದ ಕಾನೂನಿನ ವಿದ್ಯಾರ್ಥಿಗಳು, ಇವರನ್ನೆಲ್ಲ ತೆಗೆದುಕೊಳ್ಳಬಹುದು. ದೀರ್ಘಕಾಲದ ಶಿಕ್ಷೆ ಅನುಭವಿಸುತ್ತಿರುವ ಸನ್ನಡತೆಯ ವಿದ್ಯಾವಂತ ಕೈದಿಗಳನ್ನು ಸಹ ಜೈಲಿನೊಳಗಿನ ಸೇವೆಗೆ ಆರಿಸುವ ಅವಕಾಶವಿದೆ. ಯೋಜನೆ ಮಾಡಿದವರ ಹೃದಯ ದೊಡ್ಡದೆಂದು ನನಗೆ ಇಲ್ಲಿ ತೋರಿತು.

ಇವರ ಕೆಲಸದ ಸ್ವರೂಪವನ್ನು ಒಂದೆರಡು ಸಂದರ್ಭಗಳಿಂದ ತಿಳಿಯೋಣ. ಕಳವಾಯಿತೆಂದು ದೂರು ಕೊಡಲು ಒಬ್ಬನು ಠಾಣೆಗೆ ಹೋಗುತ್ತಾನೆ. ಬಾಯಿಮಾತಿನ ದೂರನ್ನು ಬರಹಕ್ಕಿಳಿಸಬೇಕು, ಬರೆದುದನ್ನು ದೂರುಗಾರನಿಗೆ ಓದಿಹೇಳಬೇಕು, ಅನಂತರ ಸಹಿ ಪಡೆದು ಖರ್ಚಿಲ್ಲದೆ ನಕಲು ಕೊಡಬೇಕು ಎಂಬುದು ಹಿಂದಿನಿಂದಲೂ ಇದ್ದ ವಿಧಿ; 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಓದಿಹೇಳಿದ ಭಾಷೆ ದೂರುಗಾರನಿಗೆ ಅರ್ಥವಾಗದಿದ್ದರೆ ಆ ವಿಧಿಯಿಂದ ಫಲವೇನು? ಸ್ವಯಂಸೇವಕನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ತಿಳಿಸಿಹೇಳಬಹುದು, ನಕಲನ್ನು ಕೇಳಿ ಪಡೆಯಲು ನೆನಪಿಸಬಹುದು. ಕಾಣೆಯಾದ ಮಕ್ಕಳ ವಿಷಯದಲ್ಲಿ ಠಾಣೆಗಳಲ್ಲಿ ಇಂಥ ಸ್ವಯಂಸೇವಕರ ನೆರವಿರಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಆದೇಶಿಸಿದೆ.

ಮಕ್ಕಳು ನೋಡಿಕೊಳ್ಳದ ವೃದ್ಧ ತಂದೆತಾಯಿಗಳಿಗೆ 2007ರ ಕಾಯಿದೆಯಂತೆ ಜೀವನಾಂಶದ ಅರ್ಜಿ ಹಾಕುವ ಮಾರ್ಗವಿದೆ. ತಾವೇ ಹೋಗಲಾರದವರು ಇನ್ನೊಬ್ಬರಿಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ಬಳಕೆದಾರರ ಆಯೋಗದಲ್ಲಿ ದೂರುಗಾರನು ತಾನೇ ಮಾತನಾಡಬಹುದು. ವಕೀಲನಲ್ಲದ ಪ್ರತಿನಿಧಿಯೂ ನಿಯಮಗಳಿಗೆ ಒಳಪಟ್ಟು ಹಾಜರಾಗಬಹುದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನು ಬರೆಯಲಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯವೆಂದು 2005ರ ಕಾಯಿದೆಯೇ ವಿಧಿಸಿದೆ. ಈ ಎಲ್ಲ ಕಡೆಗಳಲ್ಲಿ ಕಪ್ಪು ನಿಲುವಂಗಿಗಿಂತ, ತಾರೀಕುಗಳನ್ನು ಸರಿಯಾಗಿ ಜೋಡಿಸಿ, ರಸೀದಿಗಳನ್ನು ಕ್ರಮವಾಗಿಟ್ಟು, ಹೇಳಬೇಕಾದುದನ್ನು ಒಂದು ಪುಟದಲ್ಲಿ ಹೇಳಬಲ್ಲವನ ಲೇಖನಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಆಧಾರಗಳ ವಿಷಯ. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಆಧಾರ ಬರೆಯುವವರು ಸನ್ನದು ಪಡೆದಿರಬೇಕೆಂಬ ನಿಯಮ ಕೇರಳದಲ್ಲಿ 1960ರಿಂದ ಇದೆ. ಆ ಮಟ್ಟಿಗೆ, ವಕೀಲರಲ್ಲದೆ ಕಾನೂನಿನ ಕೆಲಸಕ್ಕೆ ಸನ್ನದು ಪಡೆದವರು ನಮ್ಮ ಸಬ್ ರಿಜಿಸ್ಟ್ರಾರರ ಕಚೇರಿಯ ಎದುರಿನಲ್ಲಿಯೇ ಕುಳಿತಿದ್ದಾರೆ. ಅವರಲ್ಲಿ ಕನ್ನಡವನ್ನೂ ಮಲಯಾಳವನ್ನೂ ಸಮನಾಗಿ ಬಲ್ಲ ಪ್ರಾಮಾಣಿಕರನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಬರೆದ ಆಧಾರ ನಡೆಯುವುದಿಲ್ಲವೆಂದು ಹಲವರು ನಂಬಿದ್ದಾರೆ. 1908ರ ರಿಜಿಸ್ಟ್ರೇಷನ್ ಕಾಯಿದೆಯ 19ನೆಯ ಕಲಮು ಹೇಳುವುದು ಬೇರೆ. ರಿಜಿಸ್ಟ್ರಾರನಿಗೂ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಯೂ ಇಲ್ಲದ ಭಾಷೆಯ ಪತ್ರವನ್ನು ಮಾತ್ರ ಅವನು ನಿರಾಕರಿಸತಕ್ಕದ್ದು. ಅದನ್ನು ಸಹ, ಬಳಕೆಯ ಭಾಷೆಯಲ್ಲಿ ನಿಜವಾದ ಅನುವಾದವನ್ನೂ ನಕಲನ್ನೂ ಜೊತೆಗಿಟ್ಟರೆ ಸ್ವೀಕರಿಸಬಹುದು. ಈ ಜಿಲ್ಲೆಯಲ್ಲಿ ಕನ್ನಡ ಬಳಕೆಯ ಭಾಷೆಯಲ್ಲವೆಂದು ಯಾರು ತಾನೆ ಹೇಳಿಯಾರು? ಆದರೂ ಮುಂದೆ ಬ್ಯಾಂಕಿಗೂ ವಿಲೇಜ್ ಆಫೀಸಿಗೂ ತೋರಿಸುವುದು ಸುಲಭವೆಂದು ಮಲಯಾಳದಲ್ಲಿಯೇ ಬರೆಯಿಸುವವರೇ ಹೆಚ್ಚು. ಅದರಲ್ಲಿ ದೋಷವಿಲ್ಲ. ಓದದೆ ಸಹಿ ಮಾಡುವುದರಲ್ಲಿ ಅಪಾಯವಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನಲ್ಲಿಗೆ ಒಂದು ಆಧಾರವನ್ನು ತಂದಿದ್ದರು. ಪಾಲುಪಟ್ಟಿಯೆಂದು ತಿಳಿದು ಆಕೆ ಸಹಿ ಹಾಕಿದ್ದರು. ತನ್ನ ಭಾಗದ ಗಡಿ ಎಲ್ಲಿಯವರೆಗೆ ಎಂದು ಓದಿಹೇಳಬೇಕೆಂಬುದಷ್ಟೇ ಅವರ ಕೋರಿಕೆ. ಓದಿದರೆ ಅದು ಹಕ್ಕುಬಿಡುಗಡೆ ಪತ್ರ. ಗಡಿ ಹೇಳುವುದಕ್ಕೆ ಭಾಗವೇ ಇರಲಿಲ್ಲ. ‘ಓದಿ ಮಾಷ್ಟ್ರೇ, ಯಾಕೆ ನಿಲ್ಲಿಸಿದಿರಿ?’ ಎಂದು ಆಕೆ ಕೇಳಿದಾಗ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಇಂಥ ಸ್ಥಳದಲ್ಲಿ ನನ್ನಂಥವನು ನಿಲ್ಲಬೇಕು. ಪತ್ರವನ್ನು ರದ್ದುಮಾಡಿಸುವ ದಾವೆಗೆ, ಅದಕ್ಕೆ ಕಾರಣವಾದ ಸಂಗತಿ ತಿಳಿದಂದಿನಿಂದ 3 ವರ್ಷಗಳ ಕಾಲಮಿತಿ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಎಣಿಕೆ ಯಾವ ದಿನದಿಂದ ಆರಂಭವಾಗುವುದೆಂಬುದು ವಕೀಲರು ನಿರ್ಣಯಿಸಬೇಕಾದ ವಿಷಯ. ಮರುದಿನವೇ ಆಕೆಯನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದೆವು. ವಕೀಲರು ನೇಮಕವಾದರು. ಅಣ್ಣಂದಿರನ್ನು ಕರೆಸಿ ಮಾತುಕತೆ ನಡೆದು ಕೊನೆಗೆ ಬೇರೊಂದು ಆಧಾರವಾಯಿತು. ಮನೆಯ ಹಿಂದಿನ ತೋಟದ ಒಂದು ತುಂಡು ಆಕೆಗೆ ಉಳಿಯಿತು. ನ್ಯಾಯವಾಗಿ ಬರಬೇಕಾದುದಕ್ಕಿಂತ ಅದು ಕಡಿಮೆಯೇ. ಅಣ್ಣಂದಿರ ಮನೆಗೆ ಆಕೆ ಹೋಗಿಬರುವುದು ಮಾತ್ರ ನಿಲ್ಲಲಿಲ್ಲ.

ರಾಜಿಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಲೋಕ ಅದಾಲತ್ತಿನಲ್ಲಿ ಕೋರ್ಟು ಫೀಸಿಲ್ಲ, ಕಾಲಹರಣವಿಲ್ಲ. ಆದರೆ ಅಲ್ಲಿ ಒಪ್ಪಿ ಬರೆದ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಆದುದರಿಂದ ಅಲ್ಲಿಯೂ, ‘ಕನ್ನಡದಲ್ಲಿ ವಿವರಿಸಿರಿ, ಅನಂತರ ಸಹಿ ಹಾಕುತ್ತೇನೆ’ ಎನ್ನಲು ಯಾರೂ ನಾಚಬೇಕಾಗಿಲ್ಲ. ಯಾವ ಕುಂದುಕೊರತೆಯ ಮನವಿಯನ್ನಾದರೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೋರ್ಟಿನಲ್ಲಿಯೇ ವಿವರಿಸಬೇಕು. ಹಕ್ಕುಗಳು ಕಾಗದದಲ್ಲಿ ಇವೆ. ಅವುಗಳನ್ನು ಕೇಳುವಾಗ ಪಕ್ಕದಲ್ಲಿ ಒಬ್ಬರಿದ್ದರೆ ಧೈರ್ಯ ಬರುತ್ತದೆ. ಅರೆಕಾನೂನು ಸ್ವಯಂಸೇವಕನ ದೊಡ್ಡ ಉಪಯೋಗ ಇದೇ ಎಂದು ನನ್ನ ಅನುಭವ.

ಈ ಸೇವೆಗೆ ಇಳಿಯುವವರಿಗೂ ಎರಡು ಮಾತು. ಮೂಲ ಆಧಾರಗಳನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ನಕಲು ಪಡೆದು ಮೂಲವನ್ನು ಅಂದೇ ಹಿಂದೆ ಕೊಡಿರಿ. ‘ಗೆಲ್ಲುತ್ತೀರಿ’ ಎಂದು ಯಾರಿಗೂ ಹೇಳಬೇಡಿರಿ. ಬಾಳೆಗೊನೆ, ತೆಂಗಿನಕಾಯಿ ಎಂದು ಪ್ರೀತಿಯಿಂದ ತಂದುಕೊಡುವವರಿದ್ದಾರೆ. ನಮ್ಮೂರಿನಲ್ಲಿ ಇದನ್ನು ಬೇಡವೆನ್ನುವುದು ಕಷ್ಟದ ಕೆಲಸ, ಆದರೂ ಎನ್ನಲೇಬೇಕು.

ಸಂಘದ ಮುಂದೆ ನನ್ನದೊಂದು ಬಿನ್ನಹ. ನಮ್ಮ ಗ್ರಂಥಾಲಯದ ಕೋಣೆ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿ, ಕನ್ನಡ ಮಲಯಾಳ ಎರಡನ್ನೂ ಓದಬಲ್ಲ ಇಬ್ಬರನ್ನು ಕೂರಿಸಿದರೆ, ಕಾಗದ ಓದಿಸಿಕೊಳ್ಳಬೇಕಾದವರು ಬಂದು ಓದಿಸಿಕೊಳ್ಳಬಹುದು. ಶಾಲೆ ಕಾಲೇಜುಗಳಲ್ಲಿ ಎರಡು ಲಿಪಿಗಳನ್ನೂ ಕಲಿತ ತರುಣ ತರುಣಿಯರು ನಮ್ಮಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ; ಹಿಂದಿನ ತಲೆಮಾರಿಗೆ ಈ ಅನುಕೂಲವಿರಲಿಲ್ಲ. ಅವರಲ್ಲಿ ನಾಲ್ವರು ಮುಂದೆ ಬಂದು ಜಿಲ್ಲಾ ಪ್ರಾಧಿಕಾರಕ್ಕೆ ಸ್ವಯಂಸೇವಕರಾಗಲು ಅರ್ಜಿ ಹಾಕಿದರೆ ತರಬೇತಿ ಅಲ್ಲಿಯೇ ದೊರೆಯುತ್ತದೆ. ಅರ್ಜಿ ಬರೆಯಲು ನಾನು ನೆರವಾಗುತ್ತೇನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವ ಕೆಲಸ ಆರಂಭವಾಗುತ್ತದೆ. ಅಲ್ಲಿಯವರೆಗೆ ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿರುತ್ತೇನೆ. ಹೆಸರು ಕೊಡಲು ಇಚ್ಛಿಸುವವರು ಅಲ್ಲಿ ಬಂದು ಕಾಣಬಹುದು.